ಶೀತಲಣ್ಣನ ಗುಲಾಬಿ ಚೀಟಿ

ಚಿಕ್ಕೋಡಿ ಕೋರ್ಟಿನ ಎದುರು, ರಸ್ತೆಯ ಆಚೆ ಬದಿಗೆ, ಹತ್ತು ಹೆಜ್ಜೆ ಅಂತರದಲ್ಲಿ ಎರಡು ಅಂಗಡಿಗಳಿವೆ. ಒಂದರಲ್ಲಿ ಕಾನೂನಿನ ಪುಸ್ತಕ ಸಿಗುತ್ತದೆ. ಇನ್ನೊಂದರಲ್ಲಿ ಆ ಪುಸ್ತಕದೊಳಗಿನ ನಿಮಗೆ ಬೇಕಾದ ಎರಡೇ ಹಾಳೆ ಸಿಗುತ್ತವೆ. ವ್ಯಾಪಾರ ಬಲ್ಲವರಿಗೆ ಇಷ್ಟು ಸಾಕು. ಮೊದಲನೆಯ ಅಂಗಡಿಯವನಿಗೆ ಉಂಡದ್ದು ಯಾಕೆ ಮೈಗೆ ಹತ್ತುವುದಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಅಂಗಡಿ ಶೀತಲ ಮಗದುಮ್ಮನದು. ವಕೀಲರಿಗೆಲ್ಲ ಶೀತಲಣ್ಣ. ಮೂಲ ಭೋಜದವನು, ಅಣ್ಣತಮ್ಮಂದಿರು ಅಲ್ಲಿ ಕಬ್ಬು ನೋಡಿಕೊಂಡಿದ್ದಾರೆ. ಇವನು ಬೆಳಗಾವಿಗೆ ಕಾನೂನು ಓದಲು ಹೋಗಿ, ಎರಡನೆಯ ವರ್ಷದ ಹೊತ್ತಿಗೆ ಪುಸ್ತಕಗಳ ಮೇಲೆ ಪ್ರೀತಿ ಹೆಚ್ಚಾಗಿ ಪರೀಕ್ಷೆಯ ಮೇಲೆ ಕಡಿಮೆಯಾಗಿ, ಪದವಿ ಅಲ್ಲೇ ಬಿಟ್ಟು ಪುಸ್ತಕ ಹೊತ್ತುಕೊಂಡು ಬಂದವನು. ವಕೀಲನಾಗದ ಮನುಷ್ಯ ವಕೀಲರಿಗಿಂತ ಹೆಚ್ಚು ಕಾನೂನು ಓದಿದರೆ ಏನಾಗುತ್ತದೆ ಎಂಬುದನ್ನು ನೋಡಬೇಕಾದರೆ ಶೀತಲಣ್ಣನನ್ನು ನೋಡಬೇಕು. ಐವತ್ತೇಳು ವರ್ಷ, ದಪ್ಪ ಕನ್ನಡಕ, ಯಾವ ಮಾತು ತೆಗೆದರೂ ಸಂಪುಟ, ಪುಟ ಹೇಳುವ ಚಟ.

ಮೂವತ್ತು ವರ್ಷ ಅವನ ವಾರ ಹೀಗೆ ನಡೆದಿತ್ತು. ಸೋಮವಾರ ನಿಪ್ಪಾಣಿ, ಮಂಗಳವಾರ ರಾಯಬಾಗ, ಬುಧವಾರ ಅಥಣಿ. ಕಾಗವಾಡದ ವಕೀಲರು ಅಥಣಿಗೇ ಬರುತ್ತಾರೆ, ಅವರನ್ನೂ ಅಲ್ಲೇ ಹಿಡಿಯುತ್ತಿದ್ದ. ಉಳಿದ ದಿನ ಚಿಕ್ಕೋಡಿ. ಬೈಕಿನ ಎರಡೂ ಬದಿಗೆ ಚೀಲ. ಒಂದರಲ್ಲಿ ಹೊಸ ಕಾಯಿದೆ, ತೀರ್ಪುಗಳ ಹೊಸ ಸಂಚಿಕೆ. ಇನ್ನೊಂದರಲ್ಲಿ ಒಂದು ಸ್ಟೀಲಿನ ಡಬ್ಬಿ, ಒಂದು ಕುಂಚ, ಒಂದು ಕಟ್ಟು ಗುಲಾಬಿ ಹಾಳೆ.

ಆ ಗುಲಾಬಿ ಹಾಳೆಯೇ ಅವನ ಹೆಸರು. ತೀರ್ಪಿನ ಪುಸ್ತಕ ಒಮ್ಮೆ ಅಚ್ಚಾದರೆ ಆಯಿತು, ಅದು ತಾನು ಹೇಳಿದ್ದನ್ನೇ ಹೇಳುತ್ತ ಕಪಾಟಿನಲ್ಲಿ ಕೂತಿರುತ್ತದೆ. ಆದರೆ ಮೇಲಿನ ಕೋರ್ಟು ನಾಳೆ ಆ ತೀರ್ಪನ್ನು ತಳ್ಳಿಹಾಕಬಹುದು. ಹಳೆಯ ಪುಸ್ತಕಕ್ಕೆ ಅದು ಹೇಗೆ ಗೊತ್ತಾಗಬೇಕು? ಶೀತಲಣ್ಣ ಪ್ರತಿ ಹೊಸ ಸಂಚಿಕೆಯನ್ನು ಮೊದಲು ತಾನು ಓದುತ್ತಿದ್ದ. ಯಾವ ಹಳೆಯ ತೀರ್ಪು ಸತ್ತಿದೆ ಎಂದು ಗುರುತಿಸಿ, ಗಾಳಿಪಟದ ತೆಳು ಗುಲಾಬಿ ಹಾಳೆಯ ಮೇಲೆ "ಇದು ಈಗ ನಡೆಯುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು, ಎಲ್ಲಿ ನೋಡಬೇಕೆಂದು ಸಂಪುಟ, ಪುಟ ಹಾಕಿ, ನಾಲ್ಕೂ ಕೋರ್ಟಿನ ಗ್ರಂಥಾಲಯಗಳಿಗೆ ಹೋಗಿ ಆಯಾ ಪುಟಕ್ಕೆ ಅಂಟಿಸುತ್ತಿದ್ದ. ಪುಸ್ತಕ ತನ್ನಲ್ಲಿ ಕೊಂಡವರಿಗೆ ಇದು ಪುಕ್ಕಟೆ. ಅಂಟೂ ಅಂಗಡಿಯದಲ್ಲ. ಹೆಂಡತಿ ಉಜ್ವಲಾ ಮೈದಾ ಕುದಿಸಿ, ಅದರಲ್ಲಿ ದ್ರಾಕ್ಷಿ ಬೆಳೆಯುವವರು ತೋಟಕ್ಕೆ ಹೊಡೆಯುವ ಮೈಲುತುತ್ತದ ಚಿಟಿಕೆ ಹಾಕಿ ಮಾಡಿಕೊಡುತ್ತಿದ್ದಳು. ಹುಳ ಹತ್ತುವುದಿಲ್ಲ, ಹಾಳೆ ಹರಿದೀತೇ ಹೊರತು ಚೀಟಿ ಬಿಡುವುದಿಲ್ಲ. ಒಂದು ಗ್ರಂಥಾಲಯದ ಚೀಟಿ ಎಲ್ಲ ಮುಗಿದ ಮೇಲೆ ಪ್ರತಿ ಸಂಪುಟದ ಹೊದಿಕೆಯ ಒಳಗೆ ರಬ್ಬರಿನ ಮುದ್ರೆ: "ಪರಿಶೀಲಿಸಿ ಚೀಟಿ ಅಂಟಿಸಲಾಗಿದೆ. ಶೀ. ಮಗದುಮ್ಮ." ಕೆಳಗೆ ತಾರೀಕು. ನ್ಯಾಯಾಧೀಶರ ಸಹಿಗಿಂತ ಆ ಮುದ್ರೆಯನ್ನು ಅವನು ಹೆಚ್ಚು ಜೋಪಾನವಾಗಿ ಒತ್ತುತ್ತಿದ್ದ.

"ಶೀತಲಣ್ಣ ಚೀಟಿ ಹಚ್ಚಿದ ಅಂದ್ರ ಆ ತೀರ್ಪಿನ ತಿಥಿ ಮುಗೀತು" ಎಂದು ವಕೀಲರು ನಗುತ್ತಿದ್ದರು. ಅವನಿಗೆ ಅದು ಬಹಳ ಹಿತವಾಗುತ್ತಿತ್ತು.

ಆರು ವರ್ಷದ ಹಿಂದೆ ಹತ್ತು ಹೆಜ್ಜೆ ಆಚೆ ಮಾಳಸಿದ್ದ ಝೆರಾಕ್ಸ್ ಅಂಗಡಿ ಹಾಕಿದ.

ಮಾಳಸಿದ್ದ ಮುಗಳಖೋಡದವನು. ಎಂಟನೆಯ ಇಯತ್ತೆ ಕನ್ನಡ ಶಾಲೆ. ಇಂಗ್ಲಿಷು ಅವನಿಗೆ ಚಿತ್ರದ ಹಾಗೆ, ನೋಡಬಲ್ಲ, ಓದಲಾರ. ಆದರೆ ಅವನಿಗೊಂದು ರೂಢಿ ಇತ್ತು. ಯಾವ ವಕೀಲ ತೀರ್ಪಿನ ಪ್ರತಿ ತೆಗೆಸಿದರೂ ತನಗೊಂದು ಹೆಚ್ಚಿಗೆ ತೆಗೆದಿಟ್ಟುಕೊಳ್ಳುತ್ತಿದ್ದ, ಮತ್ತು ಯಂತ್ರ ಓಡುತ್ತಿರುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಸಾಹೇಬ್ರ, ಇದು ಯಾವ ಜಗಳದ್ದ್ರಿ?"

ವಕೀಲರು ಹೇಳುತ್ತಿದ್ದರು. ಅವನು ರಟ್ಟಿನ ಕಡತದ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದಿಡುತ್ತಿದ್ದ. ಬಾವಿ ಪಾಳಿ. ಎತ್ತಿನ ದಾರಿ. ದತ್ತಕ ಮಗ. ಚೆಕ್ಕು. ಬದು ಒತ್ತಿದ್ದು. ಹೆಂಡತಿ ಖರ್ಚು. ಆರು ವರ್ಷದಲ್ಲಿ ಗೋಡೆ ತುಂಬಿತು. ಈಗ ವಕೀಲರು ಪುಸ್ತಕ ಹುಡುಕುತ್ತಿರಲಿಲ್ಲ. ಅವನ ಕಟ್ಟೆಗೆ ಬಂದು, ಕಿರಾಣಿ ಅಂಗಡಿಯಲ್ಲಿ ಜೀರಿಗೆ ಕೇಳಿದಂತೆ, "ಮಾಳಸಿದ್ದಾ, ಎತ್ತಿನ ದಾರೀದು ಎರಡು ಕೊಡು" ಅನ್ನುತ್ತಿದ್ದರು.

ಶೀತಲಣ್ಣನ ಹತ್ತಿರ ಕೇಳಿದರೆ ಅವನು ಮೊದಲು ಕನ್ನಡಕ ಒರೆಸುತ್ತಿದ್ದ. ಆಮೇಲೆ ಎತ್ತಿನ ದಾರಿಯ ಕಾನೂನು ಬ್ರಿಟಿಷರ ಕಾಲದಲ್ಲಿ ಹೇಗಿತ್ತು ಎಂಬಲ್ಲಿಂದ ಸುರು. ಕೇಳಿದವನ ಕೇಸಿನ ಕರೆ ಬಂದು ಹೋಗಿರುತ್ತಿತ್ತು.

ಅಂಗಡಿಯಲ್ಲಿ ತನ್ನ ಕುರ್ಚಿಯನ್ನು ಶೀತಲಣ್ಣ ಯಾವಾಗ ಆ ಮೂಲೆಗೆ ಸರಿಸಿದನೋ ಅವನಿಗೇ ನೆನಪಿಲ್ಲ. ಅಲ್ಲಿ ಎರಡು ಪುಸ್ತಕದ ಅಟ್ಟಿಗಳ ನಡುವೆ ನಾಲ್ಕು ಬೆರಳಿನ ಸಂದು. ಆ ಸಂದಿನಲ್ಲಿ ಮಾಳಸಿದ್ದನ ಕಟ್ಟೆ ಪೂರ್ತಿ ಕಾಣುತ್ತದೆ. ಬುತ್ತಿ ತಂದ ಉಜ್ವಲಾ ಒಂದು ದಿನ ಅದನ್ನು ಪತ್ತೆ ಹಚ್ಚಿದಳು.

"ನಿಮ್ಮ ಅಂಗಡ್ಯಾಗ ಮನಶ್ಯಾ ಬಂದು ನಿಂತ್ರ ಕಾಣಂಗಿಲ್ಲ. ಅವನ ಅಂಗಡ್ಯಾಗ ನೊಣಾ ಕುಂತ್ರ ಕಾಣತೈತಿ."

"ಗಾಳಿ ಬರತೈತಿ ಅಂತ ಇಲ್ಲಿ ಕುಂತೇನಿ."

"ಹೌದ, ಹೌದ. ಆ ಗಾಳಿಗೇ ನಿಮ್ಮ ಮಾರಿ ಹಿಂಗ ಆಗೈತಿ."

ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂದ ವರ್ಷ ಅವನ ಹೊಟ್ಟೆಯ ಉರಿ ಮೂಗಿಗೆ ಬಂತು. ನೂರೈವತ್ತು ವರ್ಷ ದಾಟಿದ ನಂಬರುಗಳೆಲ್ಲ ಬದಲಾಗಿ, ಮೋಸಕ್ಕೆ ನಾಲ್ಕುನೂರಾ ಇಪ್ಪತ್ತು ಎಂದು ಬಾಯಿಪಾಠ ಮಾಡಿದ್ದ ಊರೆಲ್ಲ ತಬ್ಬಿಬ್ಬು. ಶೀತಲಣ್ಣನಿಗೆ ಅದು ಸುಗ್ಗಿಯಾಗಬೇಕಿತ್ತು. ಹಳೆಯದಕ್ಕೂ ಹೊಸದಕ್ಕೂ ತಾಳೆ ಹಾಕುವ ಇಟ್ಟಂಗಿಯಷ್ಟು ದಪ್ಪ ಪುಸ್ತಕಗಳನ್ನು ಆರಿಸಿ ಆರಿಸಿ ತರಿಸಿದ. ಅವು ಬಂದ ಮೂರನೆಯ ದಿನ ಮಾಳಸಿದ್ದ ಹಳೇ ನಂಬರ, ಹೊಸ ನಂಬರ ಎಂದು ಎರಡು ಸಾಲಿನ ಒಂದೇ ಹಾಳೆ ಮಾಡಿ, ಪ್ಲಾಸ್ಟಿಕ್ ಹೊದಿಸಿ, ತೂತು ಹೊಡೆದು, ದಾರ ಕಟ್ಟಿ ನೇತುಹಾಕಿದ. ನಿಪ್ಪಾಣಿಯಿಂದ ಕಾಗವಾಡದ ತನಕ ಪ್ರತಿ ವಕೀಲನ ಮೇಜಿನ ಮೇಲೆ, ಚಹಾದಂಗಡಿಯ ಗೋಡೆಯ ಮೇಲೆ ಕೂಡ, ಅದು ತೂಗಾಡಿತು. ಆ ಎರಡು ಸಾಲನ್ನು ಅವನಿಗೆ ಹೇಳಿಕೊಟ್ಟವನು ದುಂಡೇಶ ವಕೀಲ. ದುಂಡೇಶ ಅದನ್ನು ನೋಡಿ ಬರೆದುಕೊಂಡದ್ದು ಶೀತಲಣ್ಣನ ಅಂಗಡಿಯಲ್ಲಿ ನಿಂತು, ಶೀತಲಣ್ಣನದೇ ಪುಸ್ತಕದ ಕೊನೆಯ ಪುಟದಿಂದ. ಪುಸ್ತಕವನ್ನೇನೂ ಕೊಳ್ಳಲಿಲ್ಲ. ಚಹಾ ಮಾತ್ರ ಕುಡಿದ.

ಅಂದಿನಿಂದ ಶೀತಲಣ್ಣ ಮಾಳಸಿದ್ದನ ಜೊತೆ ಇದ್ದ ನಾಲ್ಕು ಮಾತೂ ಬಿಟ್ಟ. ಅವನು ಈ ಕಡೆ ಬರುವುದು ಕಂಡರೆ ಕೈಗೆ ಸಿಕ್ಕ ಸಂಪುಟ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ಒಮ್ಮೆ ತಲೆಕೆಳಗಾಗಿ ಹಿಡಿದಿದ್ದನಂತೆ. ಇದನ್ನು ಹೇಳಿದವಳು ವಕೀಲರ ಸಂಘದ ಗ್ರಂಥಾಲಯದ ಕಪಾಟು ನೋಡಿಕೊಳ್ಳುವ ಲಕ್ಷ್ಮಿಬಾಯಿ, ಅವಳು ಸುಳ್ಳು ಹೇಳುವವಳಲ್ಲ, ಸ್ವಲ್ಪ ಉಪ್ಪುಖಾರ ಹಚ್ಚುತ್ತಾಳೆ ಅಷ್ಟೆ.

ಇನ್ನೊಂದು ಬದಲಾವಣೆಯೂ ಆಯಿತು, ಅದನ್ನು ಯಾರೂ ಗಮನಿಸಲಿಲ್ಲ. ಮಾಳಸಿದ್ದನ ಕಟ್ಟೆಗೆ ಭರ್ತಿ ಗಿರಾಕಿ ಬರುವುದು ಕೋರ್ಟಿನ ಊಟದ ಬಿಡುವಿನಲ್ಲಿ. ಆ ಹೊತ್ತಿಗೆ ಶೀತಲಣ್ಣ ತನ್ನ ಸಂದಿನಲ್ಲಿ ಇರಲೇಬೇಕು. ಹಾಗಾಗಿ ಬೇರೆ ಊರಿನ ತಿರುಗಾಟ ಓಟವಾಯಿತು, ಚಿಕ್ಕೋಡಿಯ ಗ್ರಂಥಾಲಯದ ಕೆಲಸ ಇನ್ನೂ ಓಟ. ಮೈದಾ ಅಂಟು ಒಣಗಲು ಹೊತ್ತು ಬೇಕು, ಪುಸ್ತಕ ತೆರೆದಿಟ್ಟು ಕಾಯಬೇಕು. ಅದನ್ನು ಬಿಟ್ಟು ಪ್ಲಾಸ್ಟಿಕ್ ಬಾಟಲಿಯ ಗೋಂದು ತಂದ. ಅದೂ ಬೇಗ ಹರಡಲಿ ಎಂದು ನೀರು ಬೆರೆಸಿದ. ಮೊದಲು ಪ್ರತಿ ಚೀಟಿಯನ್ನು ಬೆರಳಿನಿಂದ ಎಳೆದು ನೋಡಿ ಮುದ್ರೆ ಒತ್ತುತ್ತಿದ್ದವನು, ಈಗ ಹೊದಿಕೆ ತೆರೆದು ಮುದ್ರೆ ಒತ್ತಿ ಹೊದಿಕೆ ಮುಚ್ಚುತ್ತಿದ್ದ.

ಈ ವರ್ಷದ ಮಾತು. ಕೃಷ್ಣೆಯ ದಂಡೆಯ ದಿಗ್ಗೇವಾಡಿಯಿಂದ ಅಕ್ಕುತಾಯಿ ಎಂಬ ಹೆಣ್ಣುಮಗಳು ಚಿಕ್ಕೋಡಿ ಕೋರ್ಟಿಗೆ ಬರತೊಡಗಿದಳು. ಐವತ್ತರ ಆಸುಪಾಸು, ಗಂಡ ಹೋಗಿ ಮೂರು ವರ್ಷ. ನದಿ ಇರುವ ಊರಾದರೂ ನೀರು ಏರದ ದಿಬ್ಬದ ಕಡೆ ಎರಡೆಕರೆ ಕಬ್ಬು. ಅದಕ್ಕೆ ಆಸರೆ ಮನೆತನದ ಹಳೆಯ ಬಾವಿ, ಬಾವಿಯಲ್ಲಿ ಅವಳಿಗೆ ವಾರದಲ್ಲಿ ಎರಡು ದಿನದ ಪಾಳಿ. ಗಂಡ ಸತ್ತ ಮೇಲೆ ಮೈದುನ ಪಾಳಿ ತಪ್ಪಿಸಿದ. ಹಿಸ್ಸೆ ಪತ್ರದಲ್ಲಿ ಪಾಳಿಯ ಮಾತೇ ಬರೆದಿಲ್ಲ ಎಂಬುದು ಅವನ ವಾದ. ರಾಯಬಾಗದಲ್ಲಿ ಅಕ್ಕುತಾಯಿ ಗೆದ್ದಳು. ಮೈದುನ ಚಿಕ್ಕೋಡಿಗೆ ಮೇಲ್ಮನವಿ ತಂದ. ಇಲ್ಲಿ ಅವಳ ವಕೀಲ ಆ ಚಹಾ ಕುಡಿದ ದುಂಡೇಶನೇ.

ಒಂದು ಶನಿವಾರ ಅಕ್ಕುತಾಯಿ ಬಿಸಿಲು ತಾಳದೆ ಶೀತಲಣ್ಣನ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೀರು ಕೇಳಿದಳು. ಕುಡಿದು, ಸೆರಗಿನಲ್ಲಿ ಸುತ್ತಿದ್ದ ನಾಲ್ಕು ಝೆರಾಕ್ಸ್ ಹಾಳೆ ತೆಗೆದು ಅವನಿಗೆ ಚಾಚಿದಳು.

"ಅಣ್ಣಾ, ಇದು ನಮ್ಮ ಕೇಸಿಂದಂತ. ಮಂಗಳವಾರ ಸಾಹೇಬ್ರ ಮುಂದ ಓದತಾರಂತ. ಇದರಾಗ ನಮ್ಮ ಬಾವಿ ಐತೇನು ನೋಡ್ರಿ."

ಶೀತಲಣ್ಣನಿಗೆ ಓದಬೇಕಾಗಲಿಲ್ಲ. ಪುಟದ ತಲೆಯ ಮೇಲಿನ ನಂಬರು ಕಂಡೊಡನೆ ಗೊತ್ತಾಯಿತು. ಬಾವಿಯ ಪಾಳಿಗೆ ಬರವಣಿಗೆ ಬೇಡ, ವಹಿವಾಟೇ ಸಾಕು ಎಂದು ಹೇಳಿದ ಹಳೆಯ ತೀರ್ಪು. ಅದು ಸತ್ತು ಒಂದು ವರ್ಷವಾಗಿತ್ತು. ಸತ್ತ ಸುದ್ದಿಯ ಚೀಟಿಯನ್ನು ತಾನೇ ಬರೆದಿದ್ದ, ತಾನೇ ಅಂಟಿಸಿದ್ದ. ಈ ಹಾಳೆಯ ಮೇಲೆ ಚೀಟಿಯ ನೆರಳೂ ಇಲ್ಲ.

ಅವನ ಎದೆಯಲ್ಲಿ ಹೋಳಿಗೆಯ ವಾಸನೆ ಬಂದಂತಾಯಿತು. ಸಿಕ್ಕ. ಆರು ವರ್ಷಕ್ಕೆ ಸಿಕ್ಕ. ಪ್ರತಿ ಚೊಕ್ಕಟವಾಗಿ ಬರಲಿ ಎಂದು ಮಾಳಸಿದ್ದ ಚೀಟಿ ಎತ್ತಿ ಹಿಂದಕ್ಕೆ ಮಡಚಿ ತೆಗೆಯುತ್ತಾನೆ! ಓದಲು ಬಾರದವನ ಕೈಗೆ ಕಾನೂನು ಕೊಟ್ಟರೆ ಮತ್ತೇನಾಗಬೇಕು? ಮಂಗಳವಾರ ತುಂಬಿದ ಕೋರ್ಟಿನಲ್ಲಿ ಎದುರಿನವರು ಹೊಸ ತೀರ್ಪು ತೆಗೆದಿಡುತ್ತಾರೆ, ದುಂಡೇಶನ ಬಾಯಿ ಒಣಗುತ್ತದೆ, ಮೂಲ ಪುಸ್ತಕ ತರಿಸುತ್ತಾರೆ, ಪುಟದ ಮೇಲೆ ಗುಲಾಬಿ ಚೀಟಿ ಹೊಳೆಯುತ್ತದೆ. ಆಮೇಲೆ ಯಾವ ವಕೀಲ ಆ ಕಟ್ಟೆಗೆ ಹೋಗಿ ಜೀರಿಗೆ ಕೇಳುತ್ತಾನೋ ನೋಡೋಣ.

"ಐತೇನ್ರಿ?" ಅಕ್ಕುತಾಯಿ ಮತ್ತೆ ಕೇಳಿದಳು.

"ಐತಿ ಅಕ್ಕಾ" ಅಂದ ಶೀತಲಣ್ಣ. "ಬಾವಿ ಐತಿ."

ನೀರಿನ ಮಾತು ಎತ್ತಲಿಲ್ಲ.

ಮನೆಯಲ್ಲಿ ಅವನು ಏನೋ ಗುನುಗುವುದನ್ನು ಕೇಳಿ ಉಜ್ವಲಾ ಅಡಿಗೆಮನೆಯಿಂದ ಹೊರಗೆ ಬಂದಳು. ಆರು ವರ್ಷದಲ್ಲಿ ಮೊದಲ ಸಲ. ಏನೆಂದು ಕೇಳಿದಳು, ಹೇಳಿದ. ಹೇಳುವಾಗ ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ನಗು ಬರಲಿಲ್ಲ.

"ಆ ಹೆಣ್ಮಗಳ ಕಬ್ಬ ಒಣಗಿಸಿ ನೀವು ಅವನ ಅಂಗಡಿ ಮುಚ್ಚಸಾವ್ರೇನು?"

"ತೀರ್ಪ ಜೀವಂತ ಐತೋ ಇಲ್ಲೋ ನೋಡೂದು ವಕೀಲನ ಕೆಲಸ. ನಂದಲ್ಲ."

"ಮೂವತ್ತ ವರ್ಷ ನಂದು, ನಂದು ಅಂತ ಡಂಗುರಾ ಹೊಡದ್ರಿ. ಇವತ್ತ ಒಮ್ಮಿಗೇ ವಕೀಲಂದ ಆತೇನು?"

"ನಿನಗ ತಿಳಿಯಂಗಿಲ್ಲ ಬಿಡ."

"ನನಗ ತಿಳೀಲಾರದ್ದೇನೈತ್ರಿ? ಅವನ್ನ ಕಂಡ್ರ ನಿಮ್ಮ ಹೊಟ್ಟಿ ಉರೀತೈತಿ. ಒಂದ ತಂಬಿಗಿ ನೀರ ಕುಡದ ಮಲಕೋರಿ."

ಭಾನುವಾರ ಎರಡು ಸಲ ದುಂಡೇಶನ ನಂಬರು ತೆಗೆದ, ಎರಡು ಸಲವೂ ಫೋನು ಕೆಳಗಿಟ್ಟ. ಒಮ್ಮೆ ಇಟ್ಟದ್ದಕ್ಕೆ ಕಾರಣ, ರಜೆ ದಿನ ತೊಂದರೆ ಯಾಕೆ ಎಂದು. ಇನ್ನೊಮ್ಮೆಗೆ ಕಾರಣ ಹುಡುಕುವ ಗೋಜಿಗೂ ಹೋಗಲಿಲ್ಲ. ಸೋಮವಾರ ನಿಪ್ಪಾಣಿಯಲ್ಲಿದ್ದ, ಅಲ್ಲಿಯ ವಕೀಲರ ಮೇಜುಗಳ ಮೇಲೆ ಆ ಪ್ಲಾಸ್ಟಿಕ್ ಹಾಳೆ ತೂಗುತ್ತಿರುವುದನ್ನು ಎಣಿಸಿದ. ಹದಿನಾಲ್ಕು. ಮನಸ್ಸು ಮತ್ತೆ ಗಟ್ಟಿಯಾಯಿತು.

ಮಂಗಳವಾರ ರಾಯಬಾಗದ ತಿರುಗಾಟ ತಪ್ಪಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೋರ್ಟಿನ ಕೊನೆಯ ಬೆಂಚಿನಲ್ಲಿ ಕೂತ. ಮುಂದಿನ ಬೆಂಚಿನಲ್ಲಿ ಅಕ್ಕುತಾಯಿ.

ಎಲ್ಲವೂ ಅವನು ಅಂದುಕೊಂಡಂತೆಯೇ ನಡೆಯಿತು. ದುಂಡೇಶ ಎದೆಯುಬ್ಬಿಸಿ ಮಾಳಸಿದ್ದನ ಪ್ರತಿ ಓದಿದ. ಎದುರಿನ ವಕೀಲರು ಅಥಣಿಯ ಹಿರಿಯರು. ನಿಧಾನಕ್ಕೆ ಎದ್ದು, ಈ ತೀರ್ಪನ್ನು ದೊಡ್ಡ ಪೀಠ ತಳ್ಳಿಹಾಕಿದೆ ಎಂದು ಹೊಸದನ್ನು ಮುಂದಿಟ್ಟರು. ದುಂಡೇಶನ ಬಾಯಿ ಒಣಗಿತು. ನ್ಯಾಯಾಧೀಶರು, ಕನ್ನಡಕದ ಮೇಲಿಂದ ನೋಡುವ ಹೆಣ್ಣುಮಗಳು, "ಸಂಘದ ಗ್ರಂಥಾಲಯದಿಂದ ಮೂಲ ಪುಸ್ತಕ ತರಿಸಿ" ಎಂದರು. ಲಕ್ಷ್ಮಿಬಾಯಿ ಎರಡೂ ಕೈಯಲ್ಲಿ ಸಂಪುಟ ಹೊತ್ತು ತಂದಳು. ಶೀತಲಣ್ಣ ಕುಂತಲ್ಲೇ ಒಂದು ಗೇಣು ಎತ್ತರವಾದ.

ನ್ಯಾಯಾಧೀಶರು ಪುಟ ತೆಗೆದರು. ಹಿಂದಿನದು, ಮುಂದಿನದು ತಿರುವಿದರು.

ಗುಲಾಬಿ ಇಲ್ಲ.

ಅಂಚಿನಲ್ಲಿ ಒಣಗಿದ ಗೋಂದಿನ ಸಣ್ಣ ಕಲೆ ಇತ್ತು, ಅಷ್ಟೆ. ಅವರು ಹೊದಿಕೆ ತೆಗೆದು ಒಳಗಿನ ಮುದ್ರೆಯನ್ನು ಗಟ್ಟಿಯಾಗಿ ಓದಿದರು. "ಪರಿಶೀಲಿಸಿ ಚೀಟಿ ಅಂಟಿಸಲಾಗಿದೆ. ಶೀ. ಮಗದುಮ್ಮ. ತಾರೀಕು ಎರಡು ತಿಂಗಳ ಹಿಂದಿನದು. ಯಾರು ಈ ಮಗದುಮ್ಮ?"

ಇಡೀ ಕೋರ್ಟು ಹಿಂದಕ್ಕೆ ತಿರುಗಿತು. ಅವನು ಎದ್ದು ನಿಂತ.

"ಏನು ಪರಿಶೀಲಿಸಿದ್ದೀರಿ?"

ಶೀತಲಣ್ಣ ಕನ್ನಡಕ ತೆಗೆದು ಒರೆಸತೊಡಗಿದ.

ಅವರು ದುಂಡೇಶನ ಕಡೆ ತಿರುಗಿದರು. "ಓದಿಕೊಂಡು ಬರುವುದು ನಿಮ್ಮ ಕೆಲಸ, ಪುಸ್ತಕ ಮಾರುವವರದಲ್ಲ. ಗುರುವಾರಕ್ಕೆ ಇಡುತ್ತೇನೆ. ಬೇರೆ ಆಧಾರವಿದ್ದರೆ ತನ್ನಿ. ಇಲ್ಲದಿದ್ದರೆ ಇದೇ."

ಹೊರಗೆ ಬಂದೊಡನೆ ದುಂಡೇಶ ಸಿಡಿದ. "ಅಣ್ಣಾ, ನಿನ್ನ ಮುದ್ರಿ ಐತಿ ಅಂತ ಕಣ್ಣ ಮುಚ್ಚಿ ನಂಬತೇವಿ ನಾವು! ಒಂದ ಮಾತ ಹೇಳಾಕ ಆಗಲಿಲ್ಲೇನು? ನಿನಗ ಗೊತ್ತಿದ್ದಿಲ್ಲ ಅಂದ್ರ ಬ್ಯಾರೆ."

"ನನಗೇನ ಗೊತ್ತು ನೀ ಏನ ಓದತೀ ಅಂತ..." ಎಂದು ಶೀತಲಣ್ಣ ಸುರು ಮಾಡಿದ.

"ಅಣ್ಣಾರು ನೋಡ್ಯಾರಲ್ರಿ" ಅಂದಳು ಅಕ್ಕುತಾಯಿ, ಅವನ ಪರವಾಗಿ ಸಾಕ್ಷಿ ಹೇಳುವ ಹುರುಪಿನಲ್ಲಿ. "ಶನಿವಾರ ನಾನ ತೋರಿಸೇನಿ. ಬಾವಿ ಐತಿ ಅಂತ ಅಂದ್ರು."

ದುಂಡೇಶ ಶೀತಲಣ್ಣನಿಗೆ ಬೆನ್ನು ಹಾಕಿ ಮೊಬೈಲು ತೆಗೆದ. ಬೈದಿದ್ದರೆ ವಾಸಿಯಾಗುತ್ತಿತ್ತು. ಲಕ್ಷ್ಮಿಬಾಯಿ ಸಂಪುಟವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಸರಿಸಿ, "ಅಗಬಾಯಿ!" ಎಂದು ಮಾತ್ರ ಹೇಳಿ ಒಳಗೆ ಹೋದಳು; ಸಂಜೆಯೊಳಗೆ ನಾಲ್ಕೂ ತಾಲೂಕಿಗೆ ಸುದ್ದಿ ಮುಟ್ಟಲು ಅಷ್ಟು ಸಾಕಿತ್ತು.

ದುಂಡೇಶ ಮೊಬೈಲಿನಲ್ಲಿ ಹುಡುಕಿದ. ಬಾವಿ ಎಂದು ಹಾಕಿದರೆ ಮೂರು ಸಾವಿರ ತೀರ್ಪು ಬಂದವು, ಅರ್ಧ ಬಾವಿಗೆ ಬಿದ್ದು ಸತ್ತವರವು. ಶೀತಲಣ್ಣ ಅಂಗಡಿಗೆ ಹೋಗಿ ತಲೆ ಹಿಡಿದು ಕೂತ. ಆ ಚೀಟಿ ಬರೆದಾಗ ಕೆಳಗೆ ಎರಡನೆಯ ಸಾಲೊಂದನ್ನೂ ಬರೆದಿದ್ದ ಎಂಬುದು ನೆನಪಿತ್ತು. ಮುಂದೆ ಬಂದ ಬೇರೊಂದು ತೀರ್ಪಿನ ಸಂಪುಟ, ಪುಟ. ನೆಟ್ಟಗೆ ಅಕ್ಕುತಾಯಿಯಂಥವರಿಗೇ ಹೇಳಿದ ತೀರ್ಪು. ಆದರೆ ಎಷ್ಟನೆಯ ಸಂಪುಟ? ಸತ್ತದ್ದು ನೆನಪಿದೆ, ಬದುಕಿದ್ದು ನೆನಪಿಲ್ಲ. ಇಷ್ಟು ವರ್ಷ ಅವನು ನೆನಪಿಡುತ್ತಿದ್ದದ್ದು ಯಾರು ಎಷ್ಟು ಸಲ ಆ ಕಟ್ಟೆಗೆ ಹೋದರು ಎಂಬುದನ್ನು.

ಚೀಟಿ ಇರುವುದಾದರೆ ಅದನ್ನು ಕಿತ್ತವನ ಹತ್ತಿರ. ಶೀತಲಣ್ಣ ಎದ್ದ. ಆರು ವರ್ಷದಲ್ಲಿ ಮೊದಲ ಸಲ ಆ ಹತ್ತು ಹೆಜ್ಜೆ ದಾಟಿದ. ಏನೇನು ಬೈಯಬೇಕೆಂದು ದಾರಿಯಲ್ಲೇ ಜೋಡಿಸಿಕೊಂಡ, ಹತ್ತು ಹೆಜ್ಜೆಗೆ ಎಷ್ಟು ಹಿಡಿಸುತ್ತದೋ ಅಷ್ಟು.

"ಬರ್ರಿ ಅಣ್ಣಾರ, ಬರ್ರಿ. ಕುಂದರ್ರಿ" ಅಂದ ಮಾಳಸಿದ್ದ, ಸ್ಟೂಲು ಒರೆಸುತ್ತ.

"ಕುಂದ್ರಾಕ ಬಂದಿಲ್ಲ. ಪುಸ್ತಕದಾಗಿನ ಚೀಟಿ ಕಿತ್ತ ಏನ ಮಾಡಿದಿಲೇ?"

ಮಾಳಸಿದ್ದ ಸ್ಟೂಲಿನ ಮೇಲೆ ತಾನೇ ಹತ್ತಿ, ಕಡತಗಳ ಮೇಲಿನಿಂದ ಒಂದು ಬಿಸ್ಕೀಟಿನ ತಗಡಿನ ಡಬ್ಬಿ ಇಳಿಸಿ ಮುಚ್ಚಳ ತೆಗೆದ. ಒಳಗೆ ಗುಲಾಬಿಯೋ ಗುಲಾಬಿ.

"ಕಿತ್ತಿಲ್ರಿ ಅಣ್ಣಾರ. ಮಶೀನ್ ಕಾಯತೈತ್ರಿ. ಪುಸ್ತಕಾ ಬೋರಲು ಹಾಕಿ ಮುಚ್ಚಳ ಒತ್ತಿದ್ರ ಬಿಸಿಗೆ ಗೋಂದ ಬಿಡತೈತಿ. ಎತ್ತಿ ನೋಡಿದ್ರ ಗಾಜಿನ ಮ್ಯಾಲೆ ಕುಂತಿರತಾವು. ಮೊದಲಿನವು, ಅಕ್ಕಾರು ಮಾಡೂ ಮೈದಾದವು, ಒಂದೂ ಬಿಟ್ಟಿಲ್ಲ ನೋಡ್ರಿ. ಎಲ್ಲಾ ಈಚೀಚೀನವ. ನನಗ ಇಂಗ್ಲಿಷ ಬರಂಗಿಲ್ಲ, ಯಾವ ಪುಟದ್ದು ಅಂತ ತಿಳಿಯಂಗಿಲ್ಲ. ತಪ್ಪ ಪುಟಕ್ಕ ಹಚ್ಚಿ ಯಾರದರ ಕುತಗೀಗಿ ತರೂದ ಬ್ಯಾಡ ಅಂತ ಎತ್ತಿಟ್ಟೇನಿ."

ಬೈಗುಳ ಜೋಡಿಸಿದ್ದೆಲ್ಲ ಚದುರಿತು. "ತಂದ ಕೊಡಾಕ ಏನಾಗಿತ್ತು?"

"ಮೂರ ಸಲ ಬಂದೆರಿ. ನೀವು ಪುಸ್ತಕಾ ಎತ್ತಿ ಮಾರಿಗಿ ಅಡ್ಡ ಹಿಡದ್ರಿ. ಓದಾಕತ್ತಾರ, ತ್ರಾಸ ಯಾಕ ಕೊಡೂದು ಅಂತ ಹೊಳ್ಳಿ ಬಂದೆ." ಡಬ್ಬಿಯ ಮುಚ್ಚಳ ಒರೆಸುತ್ತ, "ಒಮ್ಮಿ ಪುಸ್ತಕಾ ಉಲ್ಟಾ ಇತ್ರಿ. ಅವಾಗ ತಿಳೀತು ನನಗ."

ಶೀತಲಣ್ಣ ಸ್ಟೂಲಿನ ಮೇಲೆ ಕೂತ.

ಡಬ್ಬಿಯಲ್ಲಿ ಅರವತ್ತೊಂದು ಚೀಟಿಗಳಿದ್ದವು. ಒಂದನ್ನು ಮಗುಚಿ ನೋಡಿದ. ಹಿಂದೆ ಪೆನ್ಸಿಲಿನಿಂದ ದುಂಡಗೆ ಬರೆದಿತ್ತು: ಚೀಟಿ ಬಿದ್ದ ತಾರೀಕು, ಪುಸ್ತಕ ತಂದ ವಕೀಲರ ಹೆಸರು, ಯಾವ ಜಗಳ. ಎಲ್ಲದಕ್ಕೂ ಹಾಗೆಯೇ. ಬಾವಿ ಪಾಳಿಯದನ್ನು ಮಾಳಸಿದ್ದ ಎರಡು ನಿಮಿಷದಲ್ಲಿ ಆರಿಸಿ ಕೊಟ್ಟ. ಹಿಂದೆ ಅವನ ಕನ್ನಡ, ಮುಂದೆ ತನ್ನ ಇಂಗ್ಲಿಷು. ಮೊದಲ ಸಾಲು: ಇದು ಈಗ ನಡೆಯುವುದಿಲ್ಲ. ಎರಡನೆಯ ಸಾಲು: ಆದರೆ ಬೇರೆ ನೀರೇ ಇಲ್ಲದ ಹೊಲದ ಪಾಳಿ ಹೊಲದ ಜೊತೆಗೇ ಹೋಗುತ್ತದೆ, ಮುಂದೆ ಸಂಪುಟ, ಪುಟ.

ಶೀತಲಣ್ಣ ಆ ಅಕ್ಷರಗಳನ್ನು ನೋಡುತ್ತ ಕೂತ. ಅಕ್ಕುತಾಯಿಯ ನೀರು ಉಳಿಯಿತೆಂಬ ಸಮಾಧಾನ ಬಂತು, ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಬಂದು ನಿಂತದ್ದು ಇನ್ನೊಂದು: ನನ್ನ ಚೀಟಿಯನ್ನು ಇವನು ನನಗಿಂತ ನೆಟ್ಟಗೆ ಇಟ್ಟಿದ್ದಾನೆ. ಹಿಂದೆ ತಾರೀಕು ಬರೆಯಬೇಕೆಂದು ಮೂವತ್ತು ವರ್ಷದಲ್ಲಿ ನನಗೆ ಯಾಕೆ ಹೊಳೆಯಲಿಲ್ಲ?

"ಚಹಾ ತರಸ್ಲೇನ್ರಿ?"

"ತರಸು" ಅಂದ ಶೀತಲಣ್ಣ. ಬೇಡ ಎನ್ನಲು ಬಾಯಿ ಇರಲಿಲ್ಲ. "ಸಕ್ಕರಿ ಕಡಿಮಿ."

ಆ ಸಂಪುಟ ಅವನ ಅಂಗಡಿಯಲ್ಲೇ ಇತ್ತು. ಮಾಳಸಿದ್ದ ಎರಡು ಪ್ರತಿ ತೆಗೆದ, ರೂಢಿಯಂತೆ ತನಗೊಂದು ಹೆಚ್ಚಿಗೆ. ಶೀತಲಣ್ಣ ಅದನ್ನು ನೋಡಿಯೂ ನೋಡದಂತಿದ್ದ. ಪ್ರತಿಗಳನ್ನು ದುಂಡೇಶನ ಕೈಗೆ ತಾನೇ ಕೊಟ್ಟು, ಹತ್ತಿರ ನಿಂತಿದ್ದ ಅಕ್ಕುತಾಯಿಗೆ, "ಅಕ್ಕಾ, ಶನಿವಾರ ನಾ ಪೂರ್ತಿ ಹೇಳಿದ್ದಿಲ್ಲ. ಅದರಾಗ ಬಾವಿ ಇತ್ತು, ನೀರ ಇದ್ದಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ" ಅಂದ. ಅವಳು ದುಂಡೇಶನ ಕೈಯಲ್ಲಿದ್ದ ಹೊಸ ಹಾಳೆಯ ಕಡೆ ಬೆರಳು ಮಾಡಿದಳು.

"ಈಗ ಐತೇನ್ರಿ?"

"ಐತಿ. ಎರಡೂ ಐತಿ."

"ಆತ ಬಿಡ್ರಿ" ಅಂದಳು. ಆದರೆ ಹಾಳೆಯನ್ನು ಮಾಳಸಿದ್ದನ ಹತ್ತಿರ ಇನ್ನೊಮ್ಮೆ ಖಾತ್ರಿ ಮಾಡಿಕೊಂಡೇ ಹೋದಳು. ಓದಲು ಬಾರದವನ ಹತ್ತಿರ! ಶೀತಲಣ್ಣ ಅದನ್ನು ಸಂದಿನಲ್ಲಿ ನೋಡಿದ.

ಗುರುವಾರ ದುಂಡೇಶ ಅದನ್ನು ಓದಿದ. ಅಥಣಿಯ ಹಿರಿಯರು ಅದಕ್ಕೆ ಎದುರಾಗಿ ಏನೂ ತರಲಾಗಲಿಲ್ಲ. ಮುಂದಿನ ತಿಂಗಳು ಮೈದುನನ ಮೇಲ್ಮನವಿ ವಜಾ ಆಯಿತು. ವಾರದಲ್ಲಿ ಎರಡು ದಿನ ಬಾವಿ ಮತ್ತೆ ಅಕ್ಕುತಾಯಿಯದು.

ಉಜ್ವಲಾ ಮತ್ತೆ ಮೈದಾ ಕುದಿಸತೊಡಗಿದಳು. ಶೀತಲಣ್ಣ ಮಧ್ಯಾಹ್ನದ ಬಿಡುವಿನಲ್ಲಿ ಮಾಳಸಿದ್ದನ ಕಟ್ಟೆಯ ಮೇಲೇ ಪುಸ್ತಕ ಹರಡಿಕೊಂಡು ಅರವತ್ತೊಂದೂ ಚೀಟಿಗಳನ್ನು ಒಂದೊಂದಾಗಿ ಮರಳಿ ಅಂಟಿಸಿದ. ಒಂದು ತುದಿ ಮಾತ್ರ ಅಂಟಿಸಬೇಕು, ಹಿಂದಿನ ಕನ್ನಡ ಬರಹ ಕಾಣಬೇಕು ಎಂದು ವಕೀಲರು ತಾಕೀತು ಮಾಡಿದರು. ಈಗ ಅವರು ಚೀಟಿಯನ್ನು ಮೊದಲು ಮಗುಚುತ್ತಾರೆ, ಜಗಳ ಯಾವುದೆಂದು ನೋಡುತ್ತಾರೆ, ಆಮೇಲೆ ಬೇಕಾದರೆ ಮುಂದಿನ ಬದಿ ಓದುತ್ತಾರೆ.

ಗಾಣ ಸುರುವಾದ ಮೇಲೆ ಅಕ್ಕುತಾಯಿ ತನ್ನ ಹೊಲದ ಕಬ್ಬಿನ ಬೆಲ್ಲ ತಂದಳು. ಇಬ್ಬರಿಗೂ ಒಂದೊಂದು ಪೆಂಟಿ, ಬಿಳಿ ಬಟ್ಟೆಯಲ್ಲಿ ಕಟ್ಟಿ. ಮಾಳಸಿದ್ದನದು ದೊಡ್ಡದು ಎಂದು ಶೀತಲಣ್ಣನ ಕಣ್ಣಿಗೆ ಅನಿಸಿತು. ಪುಸ್ತಕ ಎತ್ತಿ ಎತ್ತಿ ಪಳಗಿದ ಕೈ. ಮಾಳಸಿದ್ದ ಚಹಾಕ್ಕೆ ಹೋದಾಗ ಅವನ ಪೆಂಟಿಯನ್ನು ಎತ್ತಿ ನೋಡಿದ. ನಂಬಿಕೆ ಬರಲಿಲ್ಲ. ಎರಡನ್ನೂ ಬಗಲಿಗಿಟ್ಟುಕೊಂಡು ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟ.

ಸರಿಸಮ. ಒಂದು ಗ್ರಾಮೂ ಹೆಚ್ಚುಕಡಿಮೆ ಇರಲಿಲ್ಲ.

ಬುತ್ತಿ ತಂದ ಉಜ್ವಲಾ ಅಂಗಡಿಯಲ್ಲಿ ಅವನ ಮುಖ ನೋಡಿ, "ಈಗೇನಾತ್ರಿ?" ಎಂದು ಕೇಳಿದಳು.

"ಮೂವತ್ತ ವರ್ಷ ಓದಿದವನು ನಾ" ಅಂದ ಶೀತಲಣ್ಣ. "ಅವ ಒಂದ ಡಬ್ಬಿ ಇಟ್ಟಾನ. ಇಬ್ಬರಿಗೂ ಒಂದ ತೂಕದ್ದ ಕೊಟ್ಟಾಳ ನೋಡ."

ಉಜ್ವಲಾ ಅವನ ಪೆಂಟಿಯ ಗಂಟು ಬಿಚ್ಚಿ, ಒಂದು ಚೂರು ಮುರಿದು ಅವನ ಬಾಯಿಗೆ ಹಾಕಿದಳು. ಬೆಲ್ಲ ಬಹಳ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.